ಭರಣಿಯ ತಳದ ಮುರುಗಲ ತುಪ್ಪ

ದುಃಖವು ಮನುಷ್ಯನಿಗೆ ಗಾಂಭೀರ್ಯವನ್ನು ತರುತ್ತದೆ ಎಂದು ತಿಳಿದವರು ಹೇಳುತ್ತಾರೆ. ಈ ತಿಳಿದವರು ಮಂಜಗುಣಿಯ ಹೊಳೆದಂಡೆಯಲ್ಲಿ ಬರಿಮೈಯಲ್ಲಿ ಕೂತು ಅಪರಕರ್ಮ ಮಾಡಿದವರಲ್ಲ. ಅಲ್ಲಿಯ ನುಸಿ ಎಳ್ಳಿಗಿಂತ ಸಣ್ಣದು. ಕಚ್ಚಿದ್ದು ಗೊತ್ತಾಗುವುದು ಮನೆಗೆ ಬಂದ ಮೇಲೆ. ಆಯಿ ತೀರಿಕೊಂಡ ಮೂರನೆಯ ದಿನ ನಾನು, ಅರವತ್ತು ದಾಟಿದ ಹಿರಿಯ ಮಗ, ಪಿಂಡ ಬಿಟ್ಟು ಬಂದವನೇ ಜಗಲಿಯ ಕಂಬಕ್ಕೆ ಬೆನ್ನು ಉಜ್ಜುತ್ತ ನಿಂತಿದ್ದೆ. ಮಾತಾಡಿಸಲು ಬಂದವರು ನನ್ನ ಮುಖ ನೋಡಿ, ಪಾಪ, ತಾಯಿಯನ್ನು ಬಹಳ ಹಚ್ಚಿಕೊಂಡಿದ್ದ ಎಂದುಕೊಂಡು ಹೋದರು.

ಇಂಥ ಕಡಿತಕ್ಕೆ ನಮ್ಮ ಮನೆಯಲ್ಲಿ ಒಂದೇ ಮದ್ದು. ಆಯಿ ಮುರುಗಲ ಹಣ್ಣಿನ ಬೀಜ ಬೇಯಿಸಿ ತೆಗೆದ ತುಪ್ಪಕ್ಕೆ ಯಾವುದೋ ಸೊಪ್ಪಿನ ರಸ ಹಾಕಿ ಕಾಸಿ, ಸಣ್ಣ ಭರಣಿಯಲ್ಲಿ ಗಟ್ಟಿಯಾಗಲು ಬಿಡುತ್ತಿದ್ದಳು. ಹಚ್ಚಿದರೆ ತುರಿಕೆ ಅಲ್ಲಿಗೇ ನಿಲ್ಲುತ್ತಿತ್ತು. ಸೊಪ್ಪು ಯಾವುದೆಂದು ನಾನು ಕೇಳಿದವನಲ್ಲ. ಆಯಿ ಇರುವಾಗ ಕೇಳುವ ಅಗತ್ಯ ಯಾರಿಗಿತ್ತು? ಅಡುಗೆಮನೆಯ ಗೂಡಿನಿಂದ ಭರಣಿ ತಂದು ನೋಡಿದರೆ ತಳದಲ್ಲಿ ಅಡಿಕೆಯಷ್ಟು ಹಸಿರು ಉಂಡೆ ಉಳಿದಿತ್ತು. ಕರ್ಮ ಮಾಡಿಸುತ್ತಿದ್ದ ಭಟ್ಟರು ಗಂಟಲು ಸರಿಮಾಡಿಕೊಂಡರು.

“ಹತ್ತು ದಿನ ಎಣ್ಣೆ ಮುಟ್ಟೂಕಿಲ್ಲ.”

“ಇದು ಮದ್ದು, ಭಟ್ರೇ.”

“ಮದ್ದೇ. ಆದ್ರೂ ಮೈಗೆ ಹಚ್ಚೂದೇ ಅಲ್ವಾ? ನಿಮ್ಮ ಆಯಿ ಇದ್ದಿದ್ರೆ ನಾ ಬಾಯಿ ತೆಗೀಬೇಕಂತಲೇ ಇರ್ಲಿಲ್ಲ.”

ಅದು ನಿಜ. ಅಪ್ಪ ಹೋದಾಗ ಯಾರೋ ನನ್ನ ನೆತ್ತಿಗೆ ಒಂದು ಬೊಟ್ಟು ಎಣ್ಣೆ ಇಟ್ಟರೆಂದು ಮತ್ತೆ ಮೀಯಿಸಿದವಳು ಅವಳೇ. ಭರಣಿಯನ್ನು ಗೂಡಿಗೇ ಇಟ್ಟೆ. ಸೂತಕ ಕಳೆದ ಮೇಲೆ ಚೂರು ಹಚ್ಚಿಕೊಳ್ಳುವುದು, ಚೂರು ಉಳಿಸುವುದು, ಅದರ ವಾಸನೆ ಹಿಡಿದು ಹಿತ್ತಿಲಲ್ಲಿ ಆ ಸೊಪ್ಪನ್ನು ಹುಡುಕುವುದು ಎಂದು ಲೆಕ್ಕ ಹಾಕಿದ್ದೆ. ಮೂಸಿ ನೋಡಲು ಶಾಸ್ತ್ರದ ತಕರಾರು ಇರಲಿಲ್ಲ. ಮೂಸಿದರೆ ಹಚ್ಚಿಯೇ ಬಿಟ್ಟೇನೆಂದು ಹೆದರಿ ಅದನ್ನೂ ಮಾಡಲಿಲ್ಲ. ಉಳಿದಷ್ಟು ದಿನ ಉಪ್ಪುನೀರಿನ ಬಟ್ಟೆ ಒತ್ತಿಕೊಂಡು, ಮಂತ್ರದ ನಡುವೆ ಕೆರೆದುಕೊಳ್ಳುತ್ತ ಸತ್ಪುತ್ರನಾಗಿ ಕಳೆದೆ.

ಹನ್ನೊಂದನೆಯ ದಿನ ಶುದ್ಧನಾಗಿ ಹೊಳೆಯಿಂದ ಬಂದವನು ನೇರ ಗೂಡಿಗೆ ಹೋದೆ. ಗೂಡು ಖಾಲಿ. ಶುದ್ಧದ ದಿನ ಮನೆಯ ಪಾತ್ರೆಪಗಡಿ ಎಲ್ಲ ತೊಳೆಯಬೇಕಲ್ಲ. ಬೆಳಂಬಾರದಿಂದ ಬಂದಿದ್ದ ಚಿಕ್ಕಮ್ಮ, ಆಯಿಯ ತಂಗಿ, ಬೆಳಗಿನಿಂದ ಅದೇ ಕೆಲಸದಲ್ಲಿದ್ದಳು. ಭರಣಿ ಬಾವಿಕಟ್ಟೆಯ ಮೇಲೆ ಬೋರಲು ಬಿದ್ದಿತ್ತು.

“ಇದ್ರೊಳಗೆ ಇದ್ದದ್ದು?”

“ಎಂತದೋ ಹಸಿರು ಜಿಡ್ಡು, ತಮಾ. ಎಷ್ಟು ತಿಕ್ಕಿದ್ರೂ ಹೋಗ್ಲಿಲ್ಲ. ಕುದಿನೀರು ಹೊಯ್ದೆ ನೋಡು, ಬಿಟ್ಕಂತು.”

“ಅದು ಆಯಿ ಮಾಡಿದ ಮದ್ದು. ಯಾವ ಸೊಪ್ಪು ಹಾಕ್ತಿದ್ಲು, ನಿಂಗೆ ಗೊತ್ತುಂಟಾ?”

ತಿಕ್ಕುತ್ತಿದ್ದ ಅವಳ ಕೈ ನಿಂತಿತು. “ಅಕ್ಕ ಎರಡು ಸರ್ತಿ ತೋರಿಸೂಕೆ ಕರ್ದಿದ್ಲು,” ಎಂದಳು. “ಅವಳು ಇದ್ದಾಳಲ್ಲ ಅಂತ ನಾ ಹೋಗ್ಲಿಲ್ಲ.”

ಭರಣಿಯೊಳಗೆ ಮೂಗು ತೂರಿಸಿದೆ. ಪಾತ್ರೆ ಸಾಬೂನಿನ ನಿಂಬೆ ವಾಸನೆ.

ಆಮೇಲೆ ಹಿತ್ತಿಲಿನ ಎಲೆಗಳ ಫೋಟೋ ತೆಗೆದು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದೆ, ಹಲವರು ಕೈಮುಗಿದರು. ಎಂಟು ಬಗೆ ಸೊಪ್ಪು ಅರೆದು ಹಚ್ಚಿ ನೋಡಿದೆ. ಎರಡರಿಂದ ಹೊಸ ದದ್ದು ಎದ್ದವು. ಗೂಡಿನಲ್ಲಿ ಈಗ ಅಂಕೋಲೆಯ ಮೆಡಿಕಲ್ ಅಂಗಡಿಯ ಬಿಳಿ ಮುಲಾಮು ಇದೆ. ಭರಣಿಯಲ್ಲಿ ಹರಳುಪ್ಪು ಇದೆ.