ಕೆಂಡಕ್ಕೆ ಬಿದ್ದ ಹರಳು

ನಮಗೆ ವಿಜ್ಞಾನ ಕಲಿಸುತ್ತಿದ್ದ ಅಕ್ಕೋರ ಬಲಗೈ ಬೆರಳಲ್ಲಿ ಬೆಳ್ಳಿಯ ಉಂಗುರ, ಅದರಲ್ಲಿ ನೇರಳೆ ಬಣ್ಣದ ಅಮೆಥಿಸ್ಟ್ ಹರಳು. ಅವರ ತಾಯಿ ಕೊಟ್ಟದ್ದು. ಯಲ್ಲಾಪುರದ ಹೈಸ್ಕೂಲಿನಲ್ಲಿ ನಾವು ಗಲಾಟೆ ಮಾಡಿದರೆ ಅದರಿಂದಲೇ ಬೋರ್ಡು ಕುಟ್ಟುತ್ತಿದ್ದರು. ಪಾಠಕ್ಕೂ ಅದೇ ಬೇಕು. "ಬೇಡ್ತಿ ಹೊಳೆಯ ಮರಳೂ ಈ ಹರಳೂ ಒಂದೇ ಮನೆತನ. ಸಿಲಿಕಾನ್ ಒಂದು, ಆಕ್ಸಿಜನ್ ಎರಡು. ಬಣ್ಣ ಮಾತ್ರ ಒಳಗೆ ಸೇರಿದ ಚೂರು ಕಬ್ಬಿಣದ್ದು." ಕೇಳಿ ಕೇಳಿ ನಮಗೆ ಬೇಸರ ಬಂದಿತ್ತು, ಸುಳ್ಳೇಕೆ ಹೇಳಲಿ.

ನನ್ನ ನಿಶ್ಚಿತಾರ್ಥದಲ್ಲಿ ಸಿದ್ದಾಪುರದ ಗಂಡಿನ ಮನೆಯವರು ಶನಿದೋಷಕ್ಕೆಂದು ತೊಡಿಸಿದ್ದೂ ಅಂಥದೇ ಹರಳು. ಎಣ್ಣೆಸ್ನಾನದ ದಿನ ಅದನ್ನು ಕಳಚಿ ಬಚ್ಚಲ ಒಲೆಯ ಕಟ್ಟೆಯ ಮೇಲಿಟ್ಟೆ. ಕಟ್ಟಿಗೆ ದೂಡುವಾಗ ಕೆಂಡಕ್ಕೆ ಬಿದ್ದದ್ದು ಗೊತ್ತೇ ಆಗಲಿಲ್ಲ. ಮರುದಿನ ಬೂದಿ ಕೆದಕಿದಾಗ ಉಂಗುರ ಸಿಕ್ಕಿತು, ಹರಳು ಜೇನಿನ ಬಣ್ಣಕ್ಕೆ ತಿರುಗಿತ್ತು. ಆಗಲಿರುವ ಅತ್ತೆ ಇದನ್ನು ಅಪಶಕುನವೆಂದರೆ ಮದುವೆಯೇ ಮುರಿಯುತ್ತದೆಂದು ನನಗೆ ಹೆದರಿಕೆ. ಹುಡುಗ ನನಗೆ ಬಹಳ ಇಷ್ಟವಾಗಿದ್ದ.

ಅಕ್ಕೋರ ಮನೆಗೆ ಓಡಿದೆ. ಹರಳನ್ನು ಬೆಳಕಿಗೆ ಹಿಡಿದು ನೋಡಿ ನಕ್ಕರು. "ಹೆದರಡ ಕೂಸೆ. ಬಣ್ಣ ಬದಲಾಯ್ದು, ಹರಳು ಹಾಳಾಯ್ದಿಲ್ಲೆ. ಮುಚ್ಚಿಡದು ಬ್ಯಾಡ, ಆನೂ ಬರ್ತೆ."

ನನ್ನ ಜೊತೆ ಸಿದ್ದಾಪುರಕ್ಕೆ ಬಂದ ಅಕ್ಕೋರು, ಕಾವು ತಾಗಿದರೆ ಒಳಗಿನ ಕಬ್ಬಿಣದಿಂದಾಗಿ ನೇರಳೆ ಹರಳು ಹಳದಿಗೆ ತಿರುಗುತ್ತದೆಂದು ಬಿಡಿಸಿ ಹೇಳಿದರು, ಫೋನಿನಲ್ಲಿ ವಿಡಿಯೋ ತೋರಿಸಿದರು. ಅತ್ತೆ ಜಗ್ಗಲಿಲ್ಲ. "ಫೋನಲ್ಲಿ ಎಂತ ಬೇಕಾದ್ರೂ ತೋರಿಸ್ತ ಅಕ್ಕೋರೆ. ಕೆಟ್ಟ ಶಕುನ ಅಲ್ಲ ಹೇಳಿ ಹ್ಯಾಂಗೆ ನಂಬದು?"

ಅಕ್ಕೋರು ತಮ್ಮ ಉಂಗುರ ಕಳಚಿದರು. ನಾನು ಗಾಬರಿಯಿಂದ ಅವರ ಕೈ ಹಿಡಿದೆ. "ಒಡದ್ರೆ ಒಡೀತು, ಬಿಡು" ಎಂದು ಅದನ್ನು ಅಡುಗೆ ಒಲೆಯ ಬೂದಿಯಲ್ಲಿ ಹುಗಿದು, ಮೇಲೆ ಕೆಂಡ ಒಟ್ಟಿ, ಊಟಕ್ಕೆ ಕೂತೇಬಿಟ್ಟರು.

ಸಂಜೆ ತಣಿದ ಬೂದಿಯಿಂದ ಅತ್ತೆಯೇ ಉಂಗುರ ತೆಗೆದರು. ಬೆಳ್ಳಿ ಕಪ್ಪಾಗಿತ್ತು, ಹರಳು ಒಡೆದಿರಲಿಲ್ಲ, ಅದೇ ಜೇನುಬಣ್ಣ. ಎರಡೂ ಉಂಗುರಗಳನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ನನ್ನದನ್ನು ತಾವೇ ನನ್ನ ಬೆರಳಿಗೆ ಹಾಕಿದರು.

ನನ್ನ ಮಗಳಿಗೆ ಈಗ ಆರು ವರ್ಷ. ಅಕ್ಕೋರು ಕಳೆದ ವರ್ಷ ತೀರಿಕೊಂಡರು. ಕೊನೆಯ ಸಲ ನೋಡಲು ಹೋದಾಗ ಬೆರಳು ಬಡವಾಗಿ, ಉಂಗುರಕ್ಕೆ ದಾರ ಸುತ್ತಿಕೊಂಡಿದ್ದರು. ನನಗೆ ಅಳು ತಡೆಯಲಿಲ್ಲ. "ನಿಂಗಳ ಅಮ್ಮ ಕೊಟ್ಟ ಬಣ್ಣ ಎನ್ನಿಂದಾಗಿ ಹೋತು" ಎಂದೆ.

"ಅಮ್ಮ ಕೊಟ್ಟಿದ್ದು ಹರಳು. ಅದು ಇಲ್ಲೇ ಇದ್ದು" ಎಂದು ಅಕ್ಕೋರು ಉಂಗುರದಿಂದ ಮಂಚದ ಅಂಚಿಗೆ ಎರಡು ಸಲ ಕುಟ್ಟಿದರು. ಹೈಸ್ಕೂಲಿನ ಹುಡುಗಿಯ ಹಾಗೆ ನಾನು ತಟ್ಟನೆ ಸುಮ್ಮನಾದೆ.