ಎಣ್ಣೆ ಕುಡಿದ ಪೊರೆ

ದೇವನೂರಿನ ರಾಜಮಣಿಗೆ ನಂಜನಗೂಡಿನ ಚಿಪ್ಸ್ ಕಾರ್ಖಾನೆಯಲ್ಲಿ ನೈಟ್ರೋಜನ್ ಯಂತ್ರದ ಉಸ್ತುವಾರಿ. ಅದರೊಳಗೆ ಕೂದಲಿನಷ್ಟು ಸಣ್ಣ ಪ್ಲಾಸ್ಟಿಕ್ ನಳಿಗೆಗಳಿವೆ. ಕಂಪ್ರೆಸರ್‌ನಿಂದ ಒತ್ತಡದ ಗಾಳಿ ಹರಿದಾಗ ಆಮ್ಲಜನಕ ನಳಿಗೆಗಳ ಗೋಡೆಯಾದ ಎರಡು ಪದರದ ಪೊರೆಯಿಂದ ಆಚೆ ಸೋರಿಹೋಗುತ್ತದೆ. ಉಳಿದ ನೈಟ್ರೋಜನ್, ಚಿಪ್ಸ್ ಕೆಡದಿರಲೆಂದು, ಪೊಟ್ಟಣ ಸೇರುತ್ತದೆ.

"ಸಾ, ಕಂಪ್ರೆಸರ್ ಎಣ್ಣೆ ಪೊರೆಗೆ ನುಗ್ತಾ ಅದೆ. ಫಿಲ್ಟರ್ ಬದಲಾಯಿಸ್ಬೇಕು" ಎಂದು ಅವಳು ಮೂರು ಸಲ ಹೇಳಿದಳು. ಮ್ಯಾನೇಜರ್ ಪ್ರೇಮ್‌ಕುಮಾರ್ ಎಂಬಿಎ ಓದಿದವರು. ಫಿಲ್ಟರಿನಂಥ ಸಣ್ಣ ವಸ್ತುವಿಗೆ ಅವರ ಬುದ್ಧಿ ಇಳಿಯುತ್ತಿರಲಿಲ್ಲ. "ಗಾಳಿಗೂ ಜರಡಿ ಹಿಡೀಬೇಕೇನಮ್ಮ? ಒಂದು ನಿಂಬೆಹಣ್ಣು ಕಟ್ಟು, ಸಾಕು" ಎಂದರು. ಕಟ್ಟಿದ್ದಾಯಿತು. ಎಣ್ಣೆಗೆ ಅದು ಗೊತ್ತಾಗಲಿಲ್ಲ.

ತಿಂಗಳೊಳಗೆ ಚಿಪ್ಸ್ ಕಮಟು ಹಿಡಿದು ಅಂಗಡಿಗಳಿಂದ ವಾಪಸು ಬಂತು. ಪುಣೆಯಿಂದ ಬಂದ ಎಂಜಿನಿಯರ್ ಯಂತ್ರ ಬಿಚ್ಚಿ, ಪೊರೆ ಎಣ್ಣೆಯಲ್ಲಿ ನೆಂದು ಹಾಳಾಗಿದೆ ಎಂದ. "ಇದನ್ನು ನೋಡಿಕೊಳ್ಳೋದು ಯಾರು?" ಎಂದು ಕೇಳಿದ. ಮ್ಯಾನೇಜರ್ ಬೆರಳು ತಕ್ಷಣ ರಾಜಮಣಿಯತ್ತ ತಿರುಗಿತು.

ಮೈಯೆಲ್ಲ ಉರಿದುಹೋದ ರಾಜಮಣಿ ಹಳೆಯ ಫಿಲ್ಟರನ್ನು ಬಿಚ್ಚಿ ತಂದು ಅವರ ಮೇಜಿನ ಮೇಲಿಟ್ಟಳು. ಕಪ್ಪು ಎಣ್ಣೆ ಲ್ಯಾಪ್‌ಟಾಪ್‌ವರೆಗೂ ಹರಿಯಿತು. "ಮೂರು ಸಲ ಯೋಳಿದ್ನಲ್ಲ ಸಾ, ನೀವೇ ಬ್ಯಾಡ ಅಂದಿದ್ದು" ಎಂದಳು. ಎಂಜಿನಿಯರ್ ನಕ್ಕೇಬಿಟ್ಟ.

ಹೊಸ ಪೊರೆ ಬಂತು, ಫಿಲ್ಟರೂ ಬಂತು. ಮರುವಾರ ಕಾರ್ಮಿಕರಿಗೆ 'ಫಿಲ್ಟರಿನ ಮಹತ್ವ' ಕುರಿತು ತರಬೇತಿ. ಉಪನ್ಯಾಸ ಪ್ರೇಮ್‌ಕುಮಾರ್ ಅವರದೇ. ಅವರು ಫಿಲ್ಟರನ್ನು ತಲೆಕೆಳಗಾಗಿ ಹಿಡಿದಾಗಲೆಲ್ಲ ರಾಜಮಣಿ ಮುಂದಿನ ಸಾಲಿನಿಂದ ಎದ್ದುಹೋಗಿ ನೆಟ್ಟಗೆ ಮಾಡಿ ಕೊಡುತ್ತಿದ್ದಳು.