ಸೀಗಡಿಯ ಬಾಗಿಲಲ್ಲಿ ನಿಂತ ಮೀನು

ನಾನು ಈಜು ಕಲಿತದ್ದು ಹೊನ್ನಾಳಿಯ ಹೊಳೆಯಲ್ಲಿ. ಅಪ್ಪ ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ತುಂಗಭದ್ರೆಗೆ ಇಳಿಸುತ್ತಿದ್ದ. ಆ ಈಜು ಸಮುದ್ರದಲ್ಲಿ ಉಪಯೋಗಕ್ಕೆ ಬಂದದ್ದು ಒಂದೇ ಸಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಪ್ರಾಣಿಶಾಸ್ತ್ರ ಓದುತ್ತಿದ್ದಾಗ ಕಾಲೇಜಿನವರು ನಮ್ಮನ್ನು ರಾಮೇಶ್ವರದ ಕಡೆಯ ಕಡಲತೀರಕ್ಕೆ ಕರೆದುಕೊಂಡು ಹೋದರು.

ಹೊರಡುವ ದಿನ ಅವ್ವ ರೊಟ್ಟಿ ಬುತ್ತಿ ಕಟ್ಟುತ್ತ ಕೇಳಿದಳು.

"ಅಲ್ಲವ್ವ, ಮೀನು ನೋಡಾಕೆ ಅಷ್ಟು ದೂರ ಹೋಗ್ಬೇಕಾ? ನಮ್ಮ ಹೊಳೆಯಾಗೆ ಇಲ್ವಾ?"

"ಅಲ್ಲಿ ಹವಳದ ದಿಬ್ಬ ಐತೆ ಕಣವ್ವ. ಅಲ್ಲಿನ ಮೀನೇ ಬೇರೆ."

"ನೋಡಿ ಬಾ. ಮುಟ್ಟಬೇಡ. ಮುಟ್ಟಿದ್ರೂ ಮನೆಯಾಗೆ ಹೇಳಬೇಡ."

ನಮ್ಮದು ಲಿಂಗ ಕಟ್ಟಿಕೊಳ್ಳುವ ಮನೆ. ಮೀನಿನ ಮಾತು ಅಡಿಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ನಾನು ಆ ವಿಷಯ ಓದಲು ಆರಿಸಿಕೊಂಡದ್ದನ್ನು ಅವ್ವ ನೆಂಟರಿಗೆ "ಸೈನ್ಸು" ಎಂದಷ್ಟೇ ಹೇಳುತ್ತಿದ್ದಳು.

ಕಡಲ ದಡದಲ್ಲಿ ಈಜು ಬಲ್ಲ ಹುಡುಗಿ ನಾನೊಬ್ಬಳೇ. ನಮ್ಮ ಲೆಕ್ಚರರು ಕಡಲಪಾಚಿ ಕೀಳಲು ನೀರಿಗಿಳಿಯುವ ಅಲ್ಲಿನ ಒಬ್ಬ ಹೆಂಗಸಿನ ಜೊತೆ ನನ್ನನ್ನು ಕಳಿಸಿದರು. ಆಕೆಗೆ ಕನ್ನಡ ಬಾರದು, ನನಗೆ ತಮಿಳು ಬಾರದು. ಕಣ್ಣಿಗೆ ಕಟ್ಟಿಕೊಳ್ಳುವ ಗಾಜನ್ನು ಆಕೆ ತನ್ನ ಸೆರಗಿನಿಂದ ಒರೆಸಿ ಕೊಟ್ಟಳು. ಆಮೇಲೆ ನನ್ನ ಮಣಿಕಟ್ಟು ಹಿಡಿದಳು, ದಡ ಸೇರುವವರೆಗೂ ಬಿಡಲಿಲ್ಲ.

ತಲೆ ಮುಳುಗಿದ ಕೂಡಲೇ ಕೇಳಿಸಿದ್ದು ಸದ್ದು. ಬಾಣಲೆಯಲ್ಲಿ ಎಳ್ಳು ಸಿಡಿಯುವ ಸದ್ದು, ಎಲ್ಲಾ ಕಡೆಯಿಂದಲೂ. ನೀರಿನೊಳಗೆ ಇಷ್ಟು ಮಾತು ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ಬೆಳಕು ಮೇಲಿನಿಂದ ನೂಲುನೂಲಾಗಿ ಇಳಿದು ಮರಳಿನ ಮೇಲೆ ಓಡಾಡುತ್ತಿತ್ತು. ಹವಳದ ಕಲ್ಲುಗಳ ನಡುವಿನ ಆ ಮರಳಿನ ಅಂಗಳದಲ್ಲಿ ಆಕೆ ನನ್ನ ಕೈಯನ್ನು ಒತ್ತಿ ನಿಲ್ಲಿಸಿದಳು.

ಅಲ್ಲೊಂದು ಬಿಲ. ಬಿಲದ ಬಾಯಲ್ಲಿ ಬೆರಳುದ್ದದ ಪಟ್ಟೆ ಮೀನೊಂದು ಅಲುಗದೆ ನಿಂತಿತ್ತು. ಅದರ ಹಿಂದೆ ಒಂದು ಸೀಗಡಿ ಒಳಗಿನಿಂದ ಮರಳನ್ನು ತಳ್ಳಿಕೊಂಡು ಬಂದು ಹೊರಗೆ ಸುರಿದು ಮತ್ತೆ ಒಳಗೆ ಹೋಗುತ್ತಿತ್ತು. ಹೊರಗಿರುವಷ್ಟು ಹೊತ್ತೂ ಅದರ ಉದ್ದನೆಯ ಮೀಸೆಯೊಂದು ಮೀನಿನ ಬಾಲವನ್ನು ಮುಟ್ಟಿಕೊಂಡೇ ಇರುತ್ತಿತ್ತು. ನಾನು ಗಾಳಿಗಾಗಿ ಮೇಲೆ ಬಂದು ಮತ್ತೆ ಮುಳುಗಿದಾಗಲೂ ಅದೇ ಕೆಲಸ, ಅದೇ ಕಾವಲು. ನನ್ನ ನೆರಳು ಸ್ವಲ್ಪ ಹತ್ತಿರ ಸರಿಯಿತು. ಮೀನು ಬಾಲವನ್ನು ಒಮ್ಮೆ ನಡುಗಿಸಿತು. ಸೀಗಡಿ ಒಳಗೆ, ಅದರ ಹಿಂದೆಯೇ ಮೀನೂ ಒಳಗೆ. ಮರಳಿನ ಮೇಲೆ ಬೆಳಕು ಮಾತ್ರ ಉಳಿಯಿತು.

ದಡದಲ್ಲಿ ಲೆಕ್ಚರರು ವಿವರಿಸಿದರು. ಆ ಸೀಗಡಿಗೆ ಕಣ್ಣು ಮಂದ, ಆದರೆ ಮನೆ ಕಟ್ಟಲು ಬರುತ್ತದೆ. ಮೀನಿಗೆ ಮನೆ ಕಟ್ಟಲು ಬಾರದು, ಆದರೆ ಕಣ್ಣು ಚುರುಕು. ಹಗಲಿಡೀ ಹೀಗೆ ಜೊತೆಗಿದ್ದು, ಕತ್ತಲಾದ ಮೇಲೆ ಎರಡೂ ಒಳಗೆ ಸೇರಿ ಬಿಲದ ಬಾಯಿ ಮುಚ್ಚಿಕೊಳ್ಳುತ್ತವೆ. ನಾನು ಒದ್ದೆ ಜಡೆ ಹಿಂಡುತ್ತ ಕೇಳಿಸಿಕೊಂಡೆ. ಆ ಹೆಂಗಸು ಪಕ್ಕದಲ್ಲಿ ಕೂತು ತಾನು ಕಿತ್ತು ತಂದ ಪಾಚಿಯನ್ನು ಮರಳಿನ ಮೇಲೆ ಹರವುತ್ತಿದ್ದಳು.

ಮುಂದೆ ನನಗೆ ಜಗಳೂರಿನಲ್ಲಿ ಮಾಧ್ಯಮಿಕ ಶಾಲೆಯ ಟೀಚರ್ ಕೆಲಸ ಸಿಕ್ಕಿತು. ಹೊಳೆಯ ಊರಿನವಳಾದ ನನಗೆ ಆ ಬಯಲು ಮೊದಮೊದಲು ಒಗ್ಗಲಿಲ್ಲ. ಎಷ್ಟು ದೂರ ನೋಡಿದರೂ ಕಣ್ಣಿಗೆ ಅಡ್ಡ ಬರುವ ಮರವಿಲ್ಲ. ಆದರೆ ಮಧ್ಯಾಹ್ನ ನನ್ನ ಬಾಡಿಗೆ ಕೋಣೆಯ ಮನೆಯೊಡತಿ ಜೋಳದ ಅರಳು ಹುರಿಯಲು ಕೂತರೆ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ಚಟಚಟ ಸದ್ದು ಹೆಂಚಿನ ಸಂದಿಯಿಂದ ಬೀಳುವ ಬಿಸಿಲಿನ ಜೊತೆ ಸೇರಿ ಇಡೀ ಕೋಣೆ ನೀರಾಗುತ್ತಿತ್ತು. ಹಾಗೇ ತೂಕಡಿಸಿದರೆ ಕನಸಿನಲ್ಲಿ ಕಲ್ಲುಬಂಡೆಗಳ ಮೇಲೆ ಮೀನು ಹಾಯುತ್ತಿದ್ದವು.

ಒಂದು ದಿನ ಗಾಳಿ ಜೋರಾಗಿತ್ತು. ಕಿಟಕಿಯಿಂದ ದೂಳು ನುಗ್ಗಿ ಬೋರ್ಡಿನ ಮೇಲೆ ಬರೆದದ್ದು ಯಾರಿಗೂ ಕಾಣುತ್ತಿರಲಿಲ್ಲ. ನಾನು ಪುಸ್ತಕ ಮುಚ್ಚಿಟ್ಟು ಏಳನೆಯ ತರಗತಿಯ ಮಕ್ಕಳಿಗೆ ನಾನು ಕಡಲಿಗಿಳಿದದ್ದು, ಒಳಗಿನ ಸದ್ದು, ಕೈ ಹಿಡಿದ ಹೆಂಗಸು, ಆ ಮೀನು-ಸೀಗಡಿ, ಎಲ್ಲದರ ಕತೆ ಹೇಳಿದೆ. ಬಾಗಿಲ ಪಕ್ಕದಲ್ಲಿ ಕೂರುತ್ತಿದ್ದ ಒಬ್ಬ ಎತ್ತರದ, ತೆಳ್ಳನೆಯ ಹುಡುಗಿ ಎದ್ದು ನಿಂತಳು. ವರ್ಷದಲ್ಲಿ ಅವಳು ತಾನಾಗಿ ಬಾಯಿ ಬಿಟ್ಟದ್ದು ಅದೇ ಮೊದಲು.

"ಅಕ್ಕೋರೇ, ಮೀನು ಅದನ್ನ ಬಿಟ್ಟು ಹೋದ್ರೆ?"

"ಎಲ್ಲಿಗೆ ಹೋಗುತ್ತೆ? ಅದಕ್ಕೂ ಮನೆ ಬೇಕಲ್ಲ."

"ಬೇರೆ ಮನೆ ಸಿಕ್ಕಿದ್ರೆ?"

"ಅದು ನನಗೂ ಗೊತ್ತಿಲ್ಲ," ಎಂದೆ. ಅವಳು ಕೂತಳು, ಆದರೆ ಸಮಾಧಾನವಾದಂತೆ ಕಾಣಲಿಲ್ಲ.

ಮಾರನೆಯ ದಿನ ಬಿಡುವಿನಲ್ಲಿ ಹೊರಗೆ ನೋಡಿದರೆ ಅವಳು ಅಂಗಳದಲ್ಲಿ ಕೋಲಿನಿಂದ ದೊಡ್ಡ ವೃತ್ತ ಎಳೆದು, ಒಳಗೆ ಕಲ್ಲು ಹರಡಿ, ಉಳಿದ ಹುಡುಗಿಯರಿಗೆ ಆಟ ಹೇಳಿಕೊಡುತ್ತಿದ್ದಳು. ಒಬ್ಬಳ ಕಣ್ಣಿಗೆ ಬಟ್ಟೆ ಕಟ್ಟಿತ್ತು. ಅವಳು ಸೀಗಡಿ. ಒಂದು ಕೈ ಮೀನಾದವಳ ಬೆನ್ನ ಮೇಲಿಟ್ಟು, ಇನ್ನೊಂದು ಕೈಯಿಂದ ಕಲ್ಲು ಹುಡುಕಿ ವೃತ್ತದ ಹೊರಗೆ ಒಯ್ದು ಹಾಕಬೇಕು. ಹಿಡಿಯುವವಳೊಬ್ಬಳು ಸುತ್ತ ತಿರುಗುತ್ತಿರುತ್ತಾಳೆ. ಅವಳು ಹತ್ತಿರ ಬಂದರೆ ಮೀನು ಮಾತಾಡುವಂತಿಲ್ಲ, ಬೆನ್ನು ನಡುಗಿಸಬೇಕು ಅಷ್ಟೆ. ಆಗ ಇಬ್ಬರೂ ವೃತ್ತದೊಳಗೆ ಓಡಬೇಕು. ಸೀಗಡಿಯನ್ನು ಬಿಟ್ಟು ಮೀನು ಒಂಟಿಯಾಗಿ ಓಡಿದರೆ ಆಟದಿಂದ ಹೊರಹೋಗುವುದು ಮೀನೇ. ಬೆಲ್ ಹೊಡೆದಾಗ ಎಲ್ಲರೂ ಒಟ್ಟಿಗೆ ಕೂಗಿದರು:

"ಕತ್ತಲಾತು, ಬಾಗ್ಲಾಕು, ಸೀಗಡಕ್ಕಾ."

ಆ ಚಳಿಗಾಲವೆಲ್ಲ ಶಾಲೆಯಲ್ಲಿ ಅದೇ ಆಟ. ಹೆಡ್‌ಮಾಸ್ಟರರೂ ವರಾಂಡದಲ್ಲಿ ನಿಂತು ನೋಡುತ್ತಿದ್ದರು. "ಇದ್ಯಾವ ಆಟ ರೀ, ಕೂಗಾಟನೇ ಇಲ್ಲ," ಎಂದರು. ನಿಜ, ಅಷ್ಟು ಮೌನವಾಗಿ ಆಡುವ ಆಟವನ್ನು ನಾನೂ ನೋಡಿರಲಿಲ್ಲ. ಎಲ್ಲರ ಗಮನವೂ ಒಂದು ಬೆನ್ನಿನ ಮೇಲೆ, ಒಂದು ಅಂಗೈಯ ಮೇಲೆ.

ಸಂಕ್ರಾಂತಿ ಕಳೆದ ಮೇಲೆ ಬಾಗಿಲ ಪಕ್ಕದ ಜಾಗ ಖಾಲಿಯಾಯಿತು. ಭತ್ತದ ನಾಟಿಗೆ ಮನೆಯವರೆಲ್ಲ ಚನ್ನಗಿರಿ ಕಡೆ ಹೋಗಿದ್ದಾರೆ ಎಂದು ಅವಳ ಗೆಳತಿ ಹೇಳಿದಳು. ಕೆಲಸ ಮುಗಿದ ಮೇಲೆ ಬರುತ್ತಾಳೆ ಎಂದುಕೊಂಡೆ, ಬರಲಿಲ್ಲ. ಅವರ ಓಣಿಗೆ ಹೋಗಿ ವಿಚಾರಿಸಿದೆ. ಪಕ್ಕದ ಮನೆಯ ಮುದುಕಿ, "ಅಲ್ಲೇ ನಿಂತ್ರಂತೆ ಕಣವ್ವ. ನೀರು ಇರೋ ಕಡೆ ಹೋದೋರು ಬರಾಕೆ ಮನಸ್ಸು ಮಾಡ್ತಾರಾ?" ಎಂದಳು. ಮುಚ್ಚಿದ ಕದ ನೋಡಿ ವಾಪಸು ಬಂದೆ. ಹುಡುಗಿಯರು ಆಟ ಮುಂದುವರಿಸಿದರು. ನನಗೆ ಮಾತ್ರ ಬೆಲ್ಲಿನ ಹೊತ್ತಿಗೆ ಅವಳ ದನಿ ಇಲ್ಲದ್ದು ಗೊತ್ತಾಗುತ್ತಿತ್ತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನನಗೆ ನ್ಯಾಮತಿಗೆ ವರ್ಗವಾಯಿತು. ಶಾಲೆಗೆ ಸೇರಿಸಬೇಕಾದ ಮಕ್ಕಳನ್ನು ಗುರುತು ಹಾಕಿಕೊಳ್ಳಲು ಬೇಸಿಗೆಯಲ್ಲಿ ಸುತ್ತಲಿನ ಹಳ್ಳಿಗಳಿಗೆ ಹೋಗಬೇಕಿತ್ತು. ಹಾಗೆ ಸೂರಗೊಂಡನಕೊಪ್ಪಕ್ಕೆ ಹೋದ ದಿನ ಬಿಸಿಲು ಇಳಿಯುತ್ತಿತ್ತು. ಬೇವಿನ ಮರದ ಕೆಳಗೆ ಮಕ್ಕಳು ಸದ್ದಿಲ್ಲದೆ ಆಡುತ್ತಿದ್ದರು. ನೆಲದ ಮೇಲೆ ವೃತ್ತ, ಒಳಗೆ ಕಲ್ಲು. ಕಣ್ಣಿಗೆ ಬಟ್ಟೆ ಕಟ್ಟಿದ್ದ ಹುಡುಗಿಯೊಬ್ಬಳು ಇನ್ನೊಬ್ಬಳ ಬೆನ್ನು ಮುಟ್ಟಿಕೊಂಡು ನಡೆಯುತ್ತಿದ್ದಳು. ನಾನು ನಿಂತಲ್ಲೇ ನಿಂತೆ. ಅಷ್ಟರಲ್ಲಿ ಯಾರೋ ಅವರನ್ನು ಮನೆಗೆ ಕರೆದರು. ಮಕ್ಕಳು ಕೂಗಿದರು:

"ಕತ್ತಲಾತು, ಬಾಗ್ಲಾಕು, ಸಿಗದಕ್ಕಾ."

"ಸಿಗದಕ್ಕ ಅಂದ್ರೆ ಯಾರು?" ಎಂದು ಒಬ್ಬಳನ್ನು ಕೇಳಿದೆ.

ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ ನೋಡಿದಳು. "ಯಾರ ಕೈಗೂ ಸಿಗದ ಅಕ್ಕ."

"ನಿಮಗೆ ಈ ಆಟ ಯಾರು ಕಲಿಸಿದ್ರು?"

"ನಮ್ಮ ಅತ್ತಿಗೆ," ಎಂದು ಎದುರು ಮನೆ ತೋರಿಸಿದಳು.

ಅತ್ತಿಗೆ ಕಟ್ಟೆಯ ಮೇಲೆ ಕೂತು ಕೈಗೂಸಿಗೆ ಎಣ್ಣೆ ಹಚ್ಚುತ್ತಿದ್ದಳು. ಚಿಕ್ಕ ವಯಸ್ಸಿನ ಸೊಸೆ, ಸಂತೇಬೆನ್ನೂರು ಕಡೆಯವಳು. ನಾನು ಹುಡುಕುತ್ತಿದ್ದ ಮುಖವಲ್ಲ. ಆಟದ ವಿಷಯ ಕೇಳಿದೆ.

"ಅದಾ ರೀ? ನಮ್ಮ ತವರಿಗೆ ಜಗಳೂರು ಕಡೆಯಿಂದ ನಾಟಿಗೆ ಬಂದೋರು ಇದ್ರು. ಅವರಾಗೆ ಒಬ್ಳು ಹುಡುಗಿ, ಉದ್ದಕೆ ಇದ್ಲು. ಸಂಜೆ ಕೆಲಸ ಬಿಟ್ಟ ಮ್ಯಾಲೆ ಕಾಲುವೆ ಏರಿ ಮ್ಯಾಲೆ ನಮ್ಮನ್ನೆಲ್ಲ ಸೇರಿಸಿ ಆಡಿಸ್ತಿದ್ಲು."

"ಈಗ ಎಲ್ಲಿದಾಳೆ?"

"ಅಲ್ಲೇ ಕೊಟ್ಟಾರೆ ರೀ, ಚನ್ನಗಿರಿ ಹತ್ರ. ಚೆನ್ನಾಗಿದಾಳೆ. ನಮ್ಮ ಮದುವೆಗೂ ಬಂದಿದ್ಲು, ಮಗನ್ನ ಎತ್ಕೊಂಡು."

ಕಟ್ಟೆಯ ಇನ್ನೊಂದು ತುದಿಗೆ ಕೂತೆ. ಅವಳು ಮಗುವನ್ನು ತೊಡೆಯ ಮೇಲೆ ಮಗುಚಿ ಹಾಕಿಕೊಂಡು ಹೇಳುತ್ತ ಹೋದಳು.

"ಅವಳು ಸಮುದ್ರದಾಗೆ ಇಳಿದು ನೋಡ್ಯಾಳೆ ರೀ. ಒಳಗೆ ಎಳ್ಳು ಹುರಿದಂಗೆ ಸದ್ದು ಬರ್ತದಂತೆ. ಒಬ್ಳು ಹೆಂಗಸು ಅವಳ ಕೈ ಹಿಡ್ಕೊಂಡಿದ್ಲಂತೆ."

ನಾನು ಅವಳ ಮುಖ ನೋಡಿದೆ. ಎಣ್ಣೆಗೈ ನಿಂತಿತ್ತು. ಕಣ್ಣು ಎಲ್ಲೋ ದೂರದಲ್ಲಿತ್ತು, ಅಲ್ಲಿ ನೀರು ಕಾಣುತ್ತಿದೆಯೇನೋ ಎಂಬಂತೆ.

"ನಿಜವಾಗ್ಲೂ ನೋಡಿದಾಳಾ?" ಎಂದೆ.

"ನೋಡದೆ ಹಂಗೆ ಹೇಳಾಕೆ ಬರ್ತದಾ ರೀ?"

"ಬರಲ್ಲ," ಎಂದೆ. ಹಾಗೆ ಹೇಳುವಾಗ ನನಗೂ ಅದೇ ನಿಜವೆನಿಸಿತು. ಆ ಮರಳಿನ ಅಂಗಳದ ಮೇಲೆ ನನ್ನ ಪಕ್ಕದಲ್ಲೇ ಎತ್ತರದ ಹುಡುಗಿಯೊಬ್ಬಳು ತೇಲುತ್ತಿದ್ದಳು, ನಾನು ಗಮನಿಸಿರಲಿಲ್ಲ, ಅಷ್ಟೆ.

"ಬಾಗಿಲು ಹಾಕಿದ ಮ್ಯಾಲೆ ಆ ಮೀನು, ಸೀಗಡಿ ಒಳಗೆ ಏನು ಮಾಡ್ತಾವಂತೆ?" ಎಂದು ಕೇಳಿದೆ. ಅದು ನನಗೆ ಯಾರೂ ಕಲಿಸಿರದ ಭಾಗ.

ಅವಳು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

"ಮೀನು ಹಗಲೆಲ್ಲ ಕಂಡಿದ್ದನ್ನ ಸೀಗಡಿಗೆ ಹೇಳ್ತದಂತೆ ರೀ. ನೀರು ಯಾವ ಬಣ್ಣ ಇತ್ತು, ಮ್ಯಾಲೆ ಯಾರು ಹಾದು ಹೋದ್ರು, ಎಲ್ಲ. ಅದು ಕೇಳ್ತ ಕೇಳ್ತ ನಿದ್ದೆ ಹೋಗ್ತದಂತೆ."